ಜೋಡಿ ಕಸಿಯ ಅರ್ಧ ದಾರಿ ತಾಲ್ಲೂಕಿನಲ್ಲೇ ಇದೆ

ಝೀರೋ ಟ್ರಾಫಿಕ್‌ನಲ್ಲಿ ಆಂಬುಲೆನ್ಸ್ ಓಡುವ ದೃಶ್ಯ ಕರ್ನಾಟಕಕ್ಕೆ ಈಗ ಹೊಸದಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರು ರಸ್ತೆ ತೆರವು ಮಾಡಿಕೊಟ್ಟು, ಇಲ್ಲಿನ ದಾನಿಯ ಹೃದಯ ವಿಮಾನದಲ್ಲಿ ಚೆನ್ನೈ ತಲುಪಿದಾಗ ಇಡೀ ರಾಜ್ಯ ಅದನ್ನು ಬೆರಗಿನಿಂದ ನೋಡಿತ್ತು. 2025ರಲ್ಲಿ ನಮ್ಮ ಮೆಟ್ರೊ ರೈಲು ಕೂಡ ಅಂಗಾಂಗ ಹೊತ್ತು ಓಡಿತು. ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲಿ, ಅಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯೊಳಗೆ. ಆದರೆ ಅದೇ ಜಿಲ್ಲೆಯ ದೊಡ್ಡಬಳ್ಳಾಪುರ ತಾಲ್ಲೂಕು, ಮಧುರೆ ಹೋಬಳಿಯ ಯಾವುದೋ ಮನೆಯಲ್ಲಿ ಹೃದಯವೂ ಶ್ವಾಸಕೋಶವೂ ಒಟ್ಟಿಗೆ ಕೈಕೊಟ್ಟ ಒಂದು ಜೀವ ಇದ್ದರೆ, ಅಂಗಾಂಗ ಹೊತ್ತ ಐಸ್ ಪೆಟ್ಟಿಗೆ ಅವರಿಗಾಗಿ ಬರುತ್ತದೆಯೇ? ಇವತ್ತಿನ ವ್ಯವಸ್ಥೆಯಲ್ಲಿ ಬರುವುದು ತೀರಾ ಅಪರೂಪ. ಬಂದರೂ ಆ ಮನೆಯ ಮಗ ಅಥವಾ ಮಗಳು ಶಸ್ತ್ರಚಿಕಿತ್ಸೆಯ ನಂತರದ ಐದು ವರ್ಷ ದಾಟುವುದು ಇನ್ನೂ ಅಪರೂಪ. ಹೃದಯ ಮತ್ತು ಶ್ವಾಸಕೋಶಗಳ ಜೋಡಿ ಕಸಿಯನ್ನು ನಾವು ದೊಡ್ಡ ಆಸ್ಪತ್ರೆಯ ದೊಡ್ಡ ಸರ್ಜನ್ನರ ಸಾಧನೆ ಎಂದೇ ನೋಡುತ್ತಾ ಬಂದಿದ್ದೇವೆ. ನನ್ನ ವಾದ ಬೇರೆ. ಈ ಚಿಕಿತ್ಸೆಯ ಅಗತ್ಯ ಹುಟ್ಟುವುದು ತಾಲ್ಲೂಕಿನಲ್ಲಿ, ಅದಕ್ಕೆ ಬೇಕಾದ ದಾನಿ ಸಿಗಬೇಕಾದದ್ದು ತಾಲ್ಲೂಕು ಹಾದುಹೋಗುವ ರಸ್ತೆಗಳಲ್ಲಿ, ಅದು ಗೆಲ್ಲುವುದೋ ಸೋಲುವುದೋ ತೀರ್ಮಾನವಾಗುವುದೂ ರೋಗಿ ಮನೆಗೆ ಮರಳಿದ ಮೇಲೆ. ಸರ್ಕಾರ ಜೋಡಿ ಕಸಿಗೆ ಹಣ ಕೊಡಲೇಬೇಕು. ಆದರೆ ಆ ಹಣದ ದೊಡ್ಡ ಪಾಲು ಬೆಂಗಳೂರಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ನಿಂತುಬಿಟ್ಟರೆ ಆ ಚಿಕಿತ್ಸೆ ಹಳ್ಳಿಗೆ ಎಂದೂ ತಲುಪುವುದಿಲ್ಲ.

ಶಸ್ತ್ರಚಿಕಿತ್ಸೆ ಕೇಳುವುದಕ್ಕೆ ಭಯ ಹುಟ್ಟಿಸುತ್ತದೆ. ಎದೆಮೂಳೆ ತೆರೆದು, ರಕ್ತ ಪರಿಚಲನೆಯನ್ನು ಯಂತ್ರಕ್ಕೆ ಒಪ್ಪಿಸಿ, ಹೃದಯ ಮತ್ತು ಎರಡೂ ಶ್ವಾಸಕೋಶಗಳನ್ನು ತೆಗೆಯುತ್ತಾರೆ. ದಾನಿಯಿಂದ ಮೂರನ್ನೂ ಒಂದೇ ಗುಚ್ಛವಾಗಿ ತಂದು ಕೂರಿಸುತ್ತಾರೆ. ಜೋಡಿಸಬೇಕಾದ ಮುಖ್ಯ ಜಾಗಗಳು ಮೂರೇ: ಶ್ವಾಸನಾಳ, ದೇಹದಿಂದ ರಕ್ತ ಮರಳುವ ಹೃದಯದ ಬಲ ಮೇಲಿನ ಕೋಣೆ, ಮತ್ತು ಮಹಾಪಧಮನಿ. ಆ ಗುಚ್ಛದಲ್ಲಿ ಹೃದಯ ಮತ್ತು ಶ್ವಾಸಕೋಶದ ನಡುವಿನ ರಕ್ತನಾಳಗಳನ್ನು ಕತ್ತರಿಸುವ ಗೋಜೇ ಇಲ್ಲ. ಹೊಲಿಗೆಗಿಂತ ಕಷ್ಟದ ಕೆಲಸ ಹಳೆಯ ಅಂಗಗಳನ್ನು ತೆಗೆಯುವುದು. ವಪೆಗೆ, ಧ್ವನಿಪೆಟ್ಟಿಗೆಗೆ, ಹೊಟ್ಟೆಗೆ ಹೋಗುವ ನರಗಳು ಅಲ್ಲೇ ಅಕ್ಕಪಕ್ಕದಲ್ಲಿ ಹಾದುಹೋಗುತ್ತವೆ; ವಪೆಯ ನರಕ್ಕೆ ಪೆಟ್ಟಾದರೆ ಹೊಸ ಶ್ವಾಸಕೋಶವಿದ್ದೂ ಉಸಿರಾಟ ಸೋಲಬಹುದು.

ಇಂಥ ಚಿಕಿತ್ಸೆ ಯಾರಿಗೆ ಬೇಕಾಗುತ್ತದೆ ಎಂದು ಕೇಳಿದರೆ ವಾದದ ತಿರುಳು ಸಿಗುತ್ತದೆ. ಒಂದು ಗುಂಪು, ಕಾರಣವೇ ಗೊತ್ತಾಗದೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದವರದು. ಅವರಲ್ಲಿ ಹೆಚ್ಚಿನವರು ಎಳೆಯ ಹೆಂಗಸರು. ಇನ್ನೊಂದು ಗುಂಪು, ಹೃದಯದಲ್ಲಿ ರಂಧ್ರದೊಂದಿಗೆ ಹುಟ್ಟಿ, ಆ ರಂಧ್ರ ಸಕಾಲದಲ್ಲಿ ಮುಚ್ಚದೆ ಬೆಳೆದವರದು. ಹೃದಯದ ಎಡಭಾಗ ದೇಹಕ್ಕೆಲ್ಲ ರಕ್ತ ತಳ್ಳುವುದರಿಂದ ಅಲ್ಲಿ ಒತ್ತಡ ಹೆಚ್ಚು. ಬಲಭಾಗ ಪಕ್ಕದ ಶ್ವಾಸಕೋಶಕ್ಕಷ್ಟೇ ತಳ್ಳುವುದರಿಂದ ಅಲ್ಲಿ ಕಡಿಮೆ. ನಡುವಿನ ಗೋಡೆಯಲ್ಲಿ ದೊಡ್ಡ ರಂಧ್ರವಿದ್ದರೆ ಎಡಗಡೆಯ ಒತ್ತಡವೆಲ್ಲ ಶ್ವಾಸಕೋಶದ ನವಿರಾದ ನಾಳಗಳ ಮೇಲೆ ಬೀಳುತ್ತದೆ. ತೋಟದ ಹನಿ ನೀರಾವರಿಯ ಸಣ್ಣ ಪೈಪುಗಳಿಗೆ ಬೋರ್‌ವೆಲ್ ಮೋಟರಿನ ಒತ್ತಡವನ್ನು ವಾಲ್ವ್ ಇಲ್ಲದೆ ನೇರ ಬಿಟ್ಟ ಹಾಗೆ. ಪೈಪಾದರೆ ಒಡೆಯುತ್ತದೆ, ರಕ್ತನಾಳ ಒಡೆಯುವ ಬದಲು ಗೋಡೆ ದಪ್ಪವಾಗಿಸಿಕೊಂಡು, ಗಡುಸಾಗಿ, ಕಿರಿದಾಗುತ್ತಾ ಹೋಗುತ್ತದೆ. ವರ್ಷಗಳು ಕಳೆದಂತೆ ಶ್ವಾಸಕೋಶದ ಒತ್ತಡ ದೇಹದ ಒತ್ತಡವನ್ನೂ ಮೀರುತ್ತದೆ. ಆಗ ರಕ್ತ ದಾರಿ ಬದಲಿಸಿ, ಆಮ್ಲಜನಕ ಪಡೆಯದ ಕಪ್ಪು ರಕ್ತವೇ ಮೈಗೆಲ್ಲ ಹರಿಯತೊಡಗುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ, ಬೆರಳ ತುದಿಗಳು ಉಬ್ಬುತ್ತವೆ. 1897ರಲ್ಲಿ ಇದನ್ನು ಮೊದಲು ವಿವರಿಸಿದ ವೈದ್ಯ ವಿಕ್ಟರ್ ಐಸೆನ್‌ಮೆಂಗರ್. ಅವರ ಹೆಸರಿನಿಂದಲೇ ಈ ಸ್ಥಿತಿಯನ್ನು ಕರೆಯುತ್ತಾರೆ. ಈ ಹಂತ ತಲುಪಿದ ಮೇಲೆ ರಂಧ್ರ ಮುಚ್ಚುವಂತಿಲ್ಲ. ಮುಚ್ಚಿದರೆ ಬಲಗಡೆಯ ಒತ್ತಡಕ್ಕೆ ಹೊರದಾರಿಯಿಲ್ಲದೆ ಹೃದಯ ಸೋತು ರೋಗಿ ಸಾಯುತ್ತಾರೆ. ಉಳಿಯುವುದು ಔಷಧಿ, ಮತ್ತು ಕೊನೆಗೆ ಕಸಿ.

ಇಲ್ಲಿ ತಡೆದು ಯೋಚಿಸಬೇಕಾದ ಸಂಗತಿಯಿದೆ. ಕೆಳಕೋಣೆಗಳ ನಡುವಿನ ದೊಡ್ಡ ರಂಧ್ರವನ್ನು ಮಗುವಿನ ಮೊದಲ ಒಂದೆರಡು ವರ್ಷದಲ್ಲಿ ಮುಚ್ಚಿದರೆ ಆ ಮಗು ಹೆಚ್ಚುಕಡಿಮೆ ಎಲ್ಲರಂತೆ ಬೆಳೆಯುತ್ತದೆ. ಶಾಲೆಗೆ ಹೋಗುತ್ತದೆ, ಓಡುತ್ತದೆ, ಮುಪ್ಪು ಕಾಣುತ್ತದೆ. ಈ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ ದಿನನಿತ್ಯದ ಕೆಲಸ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಬಿಲ್ಲೇ ಇಲ್ಲದೆ ಹೃದಯ ಶಸ್ತ್ರಚಿಕಿತ್ಸೆ ಮಾಡುತ್ತಿದೆ. ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರದ್ದೇ. ಬೊಮ್ಮಸಂದ್ರದ ನಾರಾಯಣ ಹೃದಯಾಲಯಕ್ಕೆ ಹೊರ ರಾಜ್ಯಗಳಿಂದ, ಹೊರ ದೇಶಗಳಿಂದ ಮಕ್ಕಳು ಬರುತ್ತಾರೆ. ಮಧುರೆಯಿಂದ ಇವು ಯಾವುವೂ ಒಂದು ದಿನದ ಪ್ರಯಾಣಕ್ಕಿಂತ ದೂರವಿಲ್ಲ. ಕೊರತೆಯಿರುವುದು ಅಲ್ಲಿಗೆ ಹೋಗಬೇಕೆಂದು ಸಮಯಕ್ಕೆ ಸರಿಯಾಗಿ ಹೇಳುವವರದು. ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟರಿಂದ ಹತ್ತು ಮಕ್ಕಳಿಗೆ ಹೃದಯದಲ್ಲಿ ಯಾವುದಾದರೊಂದು ಜನ್ಮಜಾತ ದೋಷವಿರುತ್ತದೆ. ನಮ್ಮಲ್ಲಿ ಸೋದರಮಾವ, ಅತ್ತೆ ಮಗ, ಮಾವನ ಮಗಳು ಎಂದು ರಕ್ತಸಂಬಂಧದಲ್ಲೇ ಕೂಡುವ ಮದುವೆಗಳು ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಇಂಥ ಮದುವೆಗಳ ಪಾಲು ನೂರಕ್ಕೆ ಸುಮಾರು 27. ಇಂಥ ಮದುವೆಗಳಲ್ಲಿ ಹುಟ್ಟುವ ಮಕ್ಕಳಿಗೆ ಹೃದಯ ದೋಷದ ಅಪಾಯ ಹೆಚ್ಚು ಎಂಬುದು ವೈದ್ಯಕೀಯ ಲೋಕಕ್ಕೆ ಹೊಸ ಮಾತಲ್ಲ. ಹಾಗಿದ್ದೂ ಹಾಲು ಕುಡಿಯುವಾಗ ಬೆವರುವ, ಪದೇ ಪದೇ ನ್ಯುಮೋನಿಯಾ ಆಗುವ, ತೂಕ ಏರದ ಕೂಸನ್ನು ‘ಬಾಲಗ್ರಹ’ ಎಂದೋ ‘ದೃಷ್ಟಿ ತಾಗಿದೆ’ ಎಂದೋ ತಾಯತ ಕಟ್ಟಿ ಸುಮ್ಮನಾಗುವ ಮನೆಗಳು ಇನ್ನೂ ಇವೆ. ಅಂಥ ತಾಯಿಯನ್ನು ನಾನು ದೂರುವುದಿಲ್ಲ. ಕೂಸಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟು ಹೇಳುವವರು ಆಕೆಗೆ ಸಿಗಲಿಲ್ಲ, ಅಷ್ಟೇ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕ್ರೂರ. ರಂಧ್ರ ಗೊತ್ತಾಗದೆ ಬೆಳೆದ ಹುಡುಗಿಗೆ ‘ಸ್ವಲ್ಪ ನಿಶ್ಶಕ್ತಿ’ ಎಂದು ಹೇಳಿ ಮದುವೆ ಮಾಡುತ್ತಾರೆ. ಐಸೆನ್‌ಮೆಂಗರ್ ಹಂತ ತಲುಪಿದ ಹೆಣ್ಣು ಬಸುರಿಯಾದರೆ ಮೂವರಲ್ಲಿ ಒಬ್ಬಳಿಂದ ಹಿಡಿದು ಇಬ್ಬರಲ್ಲಿ ಒಬ್ಬಳವರೆಗೆ ಸಾಯುವ ಅಪಾಯವಿದೆ ಎಂದು ಪ್ರಸೂತಿ ವೈದ್ಯರ ಅನುಭವ ಹೇಳುತ್ತದೆ. ಅದು ಹೆರಿಗೆ ಸಾವು ಎಂದು ದಾಖಲಾಗುತ್ತದೆ. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ಹಿಂದೆ ತಪ್ಪಿದ ಒಂದು ತಪಾಸಣೆ ಅದಕ್ಕೆ ಕಾರಣ ಎಂದು ಯಾವ ದಾಖಲೆಯೂ ಹೇಳುವುದಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ ಹದಿನೆಂಟರವರೆಗಿನ ಎಲ್ಲ ಮಕ್ಕಳನ್ನೂ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಹುಡುಕಿ ನೋಡಬೇಕೆಂದು ಹೇಳುತ್ತದೆ. ದೋಷ ಸಿಕ್ಕರೆ ಉಚಿತ ಶಸ್ತ್ರಚಿಕಿತ್ಸೆಯ ದಾರಿಯೂ ಅದರಲ್ಲೇ ಇದೆ. ಯೋಜನೆ ಒಳ್ಳೆಯದು. ಆದರೆ ತಪಾಸಣಾ ತಂಡ ಶಾಲೆಗೆ ಬಂದ ದಿನ ಮಗು ಗೈರಾಗಿದ್ದರೆ ಅದನ್ನು ಮತ್ತೆ ಹುಡುಕಿಕೊಂಡು ಹೋಗುವವರು ಯಾರು? ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಗೆ, ದೊಡ್ಡಬಳ್ಳಾಪುರದ ಮಗ್ಗದ ಕೆಲಸಕ್ಕೆ ಊರು ಬಿಟ್ಟು ಬಂದವರ ಮಕ್ಕಳು ಯಾವ ಅಂಗನವಾಡಿಯ ಪಟ್ಟಿಯಲ್ಲಿದ್ದಾರೆ? ಹೆರಿಗೆಯಾದ ಮಾರನೇ ದಿನ ಕೂಸಿನ ಕೈಗೂ ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಿಡಿದು ನೋಡಲು ಐದು ನಿಮಿಷ ಸಾಕು. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಉಪಕರಣವೇ ಅದು. ಕೂಸಿಗೆ ಹೊಂದುವ ಚಿಕ್ಕ ಪಟ್ಟಿಯೊಂದು ಬೇಕು, ಅಷ್ಟೇ. ಎಲ್ಲ ರಂಧ್ರಗಳೂ ಅದರಲ್ಲಿ ಸಿಕ್ಕಿಬೀಳುವುದಿಲ್ಲ ಎಂಬುದು ನಿಜ. ಕೆಳಕೋಣೆಯ ರಂಧ್ರದ ಸದ್ದು ಕೆಲವು ವಾರಗಳ ನಂತರವೇ ಕೇಳಿಸುವುದು ಹೆಚ್ಚು. ಆದ್ದರಿಂದ ಲಸಿಕೆಗೆ ಬಂದ ಪ್ರತಿ ಕೂಸಿನ ಎದೆಯನ್ನೂ ಆರನೇ ವಾರದಲ್ಲಿ ವೈದ್ಯರು ಆಲಿಸಲೇಬೇಕು.

ಹಾಗಿದ್ದರೆ ಇರುವ ಹಣವನ್ನೆಲ್ಲ ಇಲ್ಲಿಗೇ ಹಾಕಿ, ಒಬ್ಬ ರೋಗಿಗೆ ಇಪ್ಪತ್ತು ಮೂವತ್ತು ಲಕ್ಷ ಬೇಡುವ ಕಸಿಯನ್ನು ಯಾಕೆ ಕೈಬಿಡಬಾರದು ಎಂದು ಸಾರ್ವಜನಿಕ ಆರೋಗ್ಯದ ಬಗ್ಗೆ ಕಾಳಜಿಯುಳ್ಳ ಅನೇಕರು ಕೇಳುತ್ತಾರೆ. ಆ ಒಂದು ಕಸಿಯ ಖರ್ಚಿನಲ್ಲಿ ಹತ್ತಾರು ಮಕ್ಕಳ ರಂಧ್ರ ಮುಚ್ಚಬಹುದು. ಲೆಕ್ಕ ಸರಿಯಾಗಿಯೇ ಇದೆ, ಆದರೆ ಅದು ಎರಡು ಗುಂಪಿನವರನ್ನು ಮರೆಯುತ್ತದೆ. ಕಾರಣ ತಿಳಿಯದೆ ಶ್ವಾಸಕೋಶದ ಒತ್ತಡ ಏರಿದ ಹುಡುಗಿಯ ಕಾಯಿಲೆಯನ್ನು ಯಾವ ಅಂಗನವಾಡಿ ತಪಾಸಣೆಯೂ ತಡೆಯಲಾರದು. ಇನ್ನೊಂದು, ನಾವು ಈಗಾಗಲೇ ಕೈಬಿಟ್ಟ ತಲೆಮಾರು. 2013ಕ್ಕಿಂತ ಮುಂಚೆ ಹುಟ್ಟಿ, ಯಾರ ಕಣ್ಣಿಗೂ ಬೀಳದೆ, ಈಗ ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ನೀಲಿ ತುಟಿಯೊಂದಿಗೆ ಬದುಕುತ್ತಿರುವವರು. ಅವರ ರಂಧ್ರವನ್ನು ಮುಚ್ಚದೆ ಬಿಟ್ಟದ್ದು ವ್ಯವಸ್ಥೆಯೇ. ಈಗ ಅದೇ ವ್ಯವಸ್ಥೆ ‘ನಿನ್ನ ಚಿಕಿತ್ಸೆ ದುಬಾರಿ’ ಎಂದು ಅವರಿಗೆ ಹೇಳುವುದು ನ್ಯಾಯವಲ್ಲ. ತಡೆಯುವ ಕೆಲಸ ಗಟ್ಟಿಯಾದಷ್ಟೂ ಕಸಿ ಬೇಕಾಗುವವರ ಸಂಖ್ಯೆ ಇಳಿಯುತ್ತದೆ, ಒಬ್ಬೊಬ್ಬರಿಗೂ ಸರಿಯಾಗಿ ಖರ್ಚು ಮಾಡುವ ಶಕ್ತಿ ಸರ್ಕಾರಕ್ಕೆ ಉಳಿಯುತ್ತದೆ.

ಕಸಿಯಿಂದ ಸಿಗುವ ಆಯುಷ್ಯದ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತಾಡಬೇಕು. 1968ರಲ್ಲಿ ಅಮೆರಿಕದ ಡೆಂಟನ್ ಕೂಲಿ ಎರಡು ತಿಂಗಳ ಹಸುಗೂಸಿಗೆ ಮೊದಲ ಜೋಡಿ ಕಸಿ ಮಾಡಿದರು. ಮಗು ಬದುಕಿದ್ದು 14 ಗಂಟೆ. ಮುಂದಿನ ವರ್ಷ ವಾಲ್ಟನ್ ಲಿಲ್ಲೆಹೈ ಅವರ ರೋಗಿ ಎಂಟು ದಿನ, 1971ರಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಅವರ ರೋಗಿ 23 ದಿನ. ದೇಹ ಪರಕೀಯ ಅಂಗವನ್ನು ತಿರಸ್ಕರಿಸದಂತೆ ತಡೆಯುವ ಸೈಕ್ಲೊಸ್ಪೊರಿನ್ ಔಷಧಿ ಬಂದ ಮೇಲೆ, 1981ರ ಮಾರ್ಚ್ 9ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೂಸ್ ರೈಟ್ಜ್ ಮತ್ತು ನಾರ್ಮನ್ ಶಮ್ವೇ ಅವರ ತಂಡ ಮೊದಲ ಯಶಸ್ಸು ಕಂಡಿತು. ಪತ್ರಿಕೆಯೊಂದರ ಜಾಹೀರಾತು ವಿಭಾಗದಲ್ಲಿದ್ದ 45ರ ಆ ಮಹಿಳೆ ನಂತರ ಐದು ವರ್ಷ ಬದುಕಿದರು. ಭಾರತದಲ್ಲಿ 1994ರ ಜುಲೈನಲ್ಲಿ ಅಂಗಾಂಗ ಕಸಿ ಕಾಯ್ದೆಗೆ ಅಂಕಿತ ಬಿದ್ದು, ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ದೇಶದ ಮೊದಲ ಜೋಡಿ ಕಸಿ 1999ರಲ್ಲಿ ಚೆನ್ನೈನಲ್ಲಿ ನಡೆಯಿತು. ಅದನ್ನು ಮಾಡಿದ ಕೆ.ಎಂ. ಚೆರಿಯನ್ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಜಗತ್ತಿನ ದಾಖಲೆಗಳನ್ನು ಒಟ್ಟು ಹಾಕಿ ನೋಡಿದರೆ ಈ ಚಿಕಿತ್ಸೆಯಲ್ಲಿ ಮೊದಲ ವರ್ಷವೇ ಕಠಿಣ. ಅದನ್ನು ದಾಟಿದವರಲ್ಲಿ ಅರ್ಧದಷ್ಟು ಮಂದಿ ಹತ್ತು ವರ್ಷದ ಹತ್ತಿರಕ್ಕೆ ತಲುಪಿದ್ದಾರೆ. ಹತ್ತೇ ವರ್ಷವೇ ಎಂದು ಆರೋಗ್ಯವಂತರು ಕೇಳಬಹುದು. ನಾಲ್ಕು ಹೆಜ್ಜೆ ನಡೆದರೆ ಉಸಿರು ಕಟ್ಟುವ ಇಪ್ಪತ್ತೆರಡರ ಹುಡುಗನ ಮುಂದೆ ನಿಂತು ಆ ಪ್ರಶ್ನೆ ಕೇಳುವುದು ನನ್ನಿಂದಂತೂ ಆಗದು.

ಇದಕ್ಕಿಂತ ಗಂಭೀರವಾದ ಆಕ್ಷೇಪ ದಾನಿಯ ಲೆಕ್ಕದ್ದು. ಒಬ್ಬ ದಾನಿಯ ಹೃದಯ ಒಬ್ಬರನ್ನು, ಶ್ವಾಸಕೋಶಗಳು ಒಬ್ಬರನ್ನೋ ಇಬ್ಬರನ್ನೋ ಉಳಿಸಬಲ್ಲವು. ಮೂರನ್ನೂ ಒಬ್ಬರಿಗೇ ಕೊಟ್ಟರೆ ಉಳಿದವರು ಪಟ್ಟಿಯಲ್ಲೇ ಸಾಯಬೇಕೇ? ಈ ಪ್ರಶ್ನೆ ವೈದ್ಯರ ನಿದ್ದೆಗೆಡಿಸಿದ್ದರಿಂದಲೇ ಚಿಕಿತ್ಸೆಯ ಸ್ವರೂಪ ಬದಲಾಗಿದೆ. 1980ರ ದಶಕದ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ವರ್ಷಕ್ಕೆ ಇನ್ನೂರು ದಾಟಿದ್ದ ಜೋಡಿ ಕಸಿಗಳು ಈಗ ನೂರರೊಳಗೆ ಇಳಿದಿವೆ. ಶ್ವಾಸಕೋಶದ ಒತ್ತಡ ಇಳಿದರೆ ಸೋತ ಹೃದಯವೂ ಚೇತರಿಸಿಕೊಳ್ಳಬಲ್ಲದು ಎಂದು ಗೊತ್ತಾದ ಮೇಲೆ, ಬಹಳ ಮಂದಿಗೆ ಶ್ವಾಸಕೋಶಗಳನ್ನು ಮಾತ್ರ ಕಸಿ ಮಾಡುತ್ತಾರೆ. ರಂಧ್ರ ಸರಳವಾಗಿದ್ದರೆ ಅದೇ ಹೊತ್ತಿನಲ್ಲಿ ಅದನ್ನು ಮುಚ್ಚಿ ರೋಗಿಯ ಸ್ವಂತ ಹೃದಯವನ್ನೇ ಉಳಿಸಿಕೊಳ್ಳುತ್ತಾರೆ. ದಾನಿಯ ಹೃದಯ ಇನ್ನೊಬ್ಬರಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಮಗ್ದಿ ಯಾಕೂಬ್ ಅವರಂಥವರು ಇನ್ನೊಂದು ದಾರಿ ತೋರಿಸಿದ್ದರು. ಶ್ವಾಸಕೋಶ ಮಾತ್ರ ಕೆಟ್ಟವರಿಗೆ ಜೋಡಿ ಕಸಿ ಮಾಡಿ, ಅವರ ಆರೋಗ್ಯವಂತ ಹೃದಯವನ್ನು ಬೇರೊಬ್ಬರಿಗೆ ಕೂರಿಸುವುದು. ಆದ್ದರಿಂದ ಜೋಡಿ ಕಸಿ ಈಗ ಉಳಿದಿರುವುದು ಹೃದಯದ ರಚನೆಯೇ ಸರಿಪಡಿಸಲಾಗದಷ್ಟು ಕೆಟ್ಟವರಿಗೆ, ಅಥವಾ ಹೃದಯವೂ ಚೇತರಿಸದಷ್ಟು ಸೋತವರಿಗೆ. ಅವರಿಗೆ ಬೇರೆ ದಾರಿಯೇ ಇಲ್ಲ. ಸಂಖ್ಯೆ ಇಷ್ಟು ಕಡಿಮೆ ಇರುವಾಗ ಹತ್ತು ಆಸ್ಪತ್ರೆಗಳು ತಲಾ ಒಂದು ಮಾಡಿ ಪತ್ರಿಕಾಗೋಷ್ಠಿ ಕರೆಯುವುದು ತಪ್ಪು. ಕೈ ಪಳಗುವುದು ಮಾಡಿದಷ್ಟೂ. ರಾಜ್ಯಕ್ಕೆ ಒಂದೋ ಎರಡೋ ಕೇಂದ್ರ ಸಾಕು. ಅವು ತಮ್ಮ ಫಲಿತಾಂಶವನ್ನು, ಸತ್ತವರ ಸಂಖ್ಯೆಯೂ ಸೇರಿದಂತೆ, ಪ್ರತಿ ವರ್ಷ ಪ್ರಕಟಿಸಬೇಕು. ಸರ್ಕಾರದ ಹಣ ಪಡೆಯಲು ಅದೇ ಮೊದಲ ಷರತ್ತಾಗಬೇಕು.

ಇನ್ನು ದಾನಿ. ಭಾರತದಲ್ಲಿ ಮೃತ ದಾನಿಗಳ ಸಂಖ್ಯೆ ವರ್ಷಕ್ಕೆ ಸಾವಿರ ದಾಟಿದ್ದೇ 2023ರಲ್ಲಿ. ಆ ವರ್ಷ ಕರ್ನಾಟಕದಲ್ಲಿ 178, 2024ರಲ್ಲಿ 162. ದೇಶದ ಲೆಕ್ಕದಲ್ಲಿ ಇದು ಮುಂಚೂಣಿಯ ಸ್ಥಾನವೇ. ಆದರೆ ಜನಸಂಖ್ಯೆಗೆ ಹೋಲಿಸಿದರೆ ಹತ್ತು ಲಕ್ಷಕ್ಕೆ ಎರಡೂವರೆಯಷ್ಟು. ಸ್ಪೇನ್‌ನಲ್ಲಿ ಹತ್ತು ಲಕ್ಷಕ್ಕೆ ಸುಮಾರು 50. ಮೂತ್ರಪಿಂಡವನ್ನು ಒಂದು ದಿನದವರೆಗೂ ಹೊರಗೆ ಕಾಪಾಡಬಹುದು. ಹೃದಯಕ್ಕೆ ಸಿಗುವುದು ನಾಲ್ಕು ಗಂಟೆ. ಶ್ವಾಸಕೋಶದ ಕಷ್ಟ ಇನ್ನೂ ಹೆಚ್ಚು. ಗಾಯಾಳುವಿನ ಹೊಟ್ಟೆಯಲ್ಲಿದ್ದದ್ದು ಶ್ವಾಸನಾಳಕ್ಕೆ ಹೋಗಿರುತ್ತದೆ, ವೆಂಟಿಲೇಟರಿನಲ್ಲಿ ದಿನಗಳೆದಂತೆ ಸೋಂಕು ತಗಲುತ್ತದೆ, ಹೆಚ್ಚು ಸಲೈನ್ ಹೋದರೆ ನೀರು ತುಂಬುತ್ತದೆ. ಹತ್ತು ದಾನಿಗಳಲ್ಲಿ ಇಬ್ಬರ ಶ್ವಾಸಕೋಶ ಬಳಕೆಗೆ ಬಂದರೆ ಹೆಚ್ಚು. ಅಂದರೆ ಅಪಘಾತವಾದ ಮೊದಲ ಗಂಟೆಗಳಲ್ಲಿ ಗಾಯಾಳುವನ್ನು ನೋಡಿಕೊಂಡ ರೀತಿಯೇ ಮುಂದಿನದ್ದನ್ನು ತೀರ್ಮಾನಿಸುತ್ತದೆ. ಆ ಗಂಟೆಗಳು ಕಳೆಯುವುದು ನೆಲಮಂಗಲದ ತುಮಕೂರು ರಸ್ತೆಯಲ್ಲಿ, ಹೊಸಕೋಟೆಯ ಕೋಲಾರ ರಸ್ತೆಯಲ್ಲಿ, ದೇವನಹಳ್ಳಿಯ ಬಳ್ಳಾರಿ ರಸ್ತೆಯಲ್ಲಿ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೂಲಕ ಹೊಸಕೋಟೆಗೆ ಸುತ್ತುವ ಹೊಸ ವರ್ತುಲ ರಸ್ತೆಯಲ್ಲಿ. ನನ್ನ ಮೊದಲ ಆಸೆ ಆ ಗಾಯಾಳು ಬದುಕಬೇಕೆಂಬುದು; ಹೆಲ್ಮೆಟ್ ಹಾಕಿಸುವುದು, 108 ಆಂಬುಲೆನ್ಸ್ ಬೇಗ ಬರುವಂತೆ ಮಾಡುವುದು ಎಲ್ಲಕ್ಕಿಂತ ಮುಂಚೆ ಆಗಬೇಕು. ಚೆನ್ನಾಗಿ ನೋಡಿಕೊಂಡ ಗಾಯಾಳು ಬದುಕುವ ಸಾಧ್ಯತೆ ಹೆಚ್ಚು. ಬದುಕದೇ ಹೋದರೂ ದಾನಿಯಾಗಬಲ್ಲ. ಎರಡಕ್ಕೂ ಬೇಕಾದದ್ದು ಅದೇ ಐಸಿಯು, ಅದೇ ನರ್ಸ್.

ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿದೆ. ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಮತ್ತು 2014ರ ನಿಯಮಗಳ ಪ್ರಕಾರ ಕಸಿ ಮಾಡದ ಆಸ್ಪತ್ರೆಯೂ ಅಂಗಾಂಗ ಹೊರತೆಗೆಯುವ ಕೇಂದ್ರವಾಗಿ ನೋಂದಾಯಿಸಿಕೊಳ್ಳಬಹುದು. ನರರೋಗ ತಜ್ಞರಿಲ್ಲದ ಕಡೆ ಫಿಜಿಶಿಯನ್, ಸರ್ಜನ್, ಅರಿವಳಿಕೆ ತಜ್ಞರಲ್ಲಿ ಮಾನ್ಯತೆ ಪಡೆದವರು ಮಿದುಳು ಸಾವನ್ನು ಖಚಿತಪಡಿಸುವ ತಂಡದಲ್ಲಿರಬಹುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಹೊಸಕೋಟೆ, ದೇವನಹಳ್ಳಿ, ನೆಲಮಂಗಲ ಮೂರು ಕಡೆಯೂ ಖಾಸಗಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಐಸಿಯುಗಳಿವೆ. ತಮಿಳುನಾಡು ಮುಂದೆ ಹೋದದ್ದು ಸರ್ಕಾರಿ ವೈದ್ಯಕೀಯ ಕಾಲೇಜುಗಳನ್ನೇ ಈ ಕೆಲಸಕ್ಕೆ ತೊಡಗಿಸಿ, 2023ರಿಂದ ದಾನಿಯ ಅಂತ್ಯಕ್ರಿಯೆಗೆ ಸರ್ಕಾರಿ ಗೌರವ ಕೊಟ್ಟು. ನಮ್ಮ ಜೀವಸಾರ್ಥಕತೆ ಸಂಸ್ಥೆ, 2007ರಲ್ಲಿ ಬೇರೆ ಹೆಸರಿನಲ್ಲಿ ಹುಟ್ಟಿ, ಇಷ್ಟು ವರ್ಷ ಅಂಗಾಂಗ ಹಂಚಿಕೆಯ ಕೆಲಸವನ್ನು ನಿಷ್ಠೆಯಿಂದ ಮಾಡಿದೆ. ಈಗ ಅದಕ್ಕೆ ಪ್ರತಿ ಜಿಲ್ಲೆಯಲ್ಲೂ ತರಬೇತಿ ಪಡೆದ ಸಂಯೋಜಕರು ಬೇಕು.

‘ಉಸಿರಾಡುತ್ತಿರುವವರನ್ನು ಸತ್ತರೆಂದು ಹೇಳಿ ಅಂಗ ಕೀಳುತ್ತಾರೆ’ ಎಂಬ ಅನುಮಾನ ಹಳ್ಳಿಯಲ್ಲಿ ಮಾತ್ರವಲ್ಲ, ಓದಿದವರಲ್ಲೂ ಇದೆ. ಎದೆ ಏರಿಳಿಯುತ್ತಿರುವಾಗ, ಮೈ ಬೆಚ್ಚಗಿರುವಾಗ ಮಗ ಸತ್ತಿದ್ದಾನೆಂದು ಯಾವ ತಾಯಿ ನಂಬಿಯಾಳು? ಆ ಅನುಮಾನವನ್ನು ಅಜ್ಞಾನ ಎಂದು ತಳ್ಳಿಹಾಕುವುದರಿಂದ ದಾನ ಹೆಚ್ಚುವುದಿಲ್ಲ, ವಿವರಿಸುವುದರಿಂದ ಹೆಚ್ಚುತ್ತದೆ. ಕಾನೂನು ನಾಲ್ವರು ವೈದ್ಯರ ತಂಡ ಕೇಳುತ್ತದೆ. ಅವರಲ್ಲಿ ಯಾರೂ ಕಸಿ ತಂಡಕ್ಕೆ ಸೇರಿದವರಾಗಿರಬಾರದು. ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಮಾಡಬೇಕು. ವೆಂಟಿಲೇಟರಿನ ಉಸಿರನ್ನು ತಡೆದು, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಮಿದುಳಿನ ಕಾಂಡ ಉಸಿರೆಳೆಯುವಂತೆ ಹೇಳುತ್ತದೆಯೇ ಎಂದು ನೋಡುತ್ತಾರೆ. ಮನೆಯವರಲ್ಲಿ ಒಬ್ಬರು ಬಯಸಿದರೆ ಆ ಪರೀಕ್ಷೆಯನ್ನು ಕಣ್ಣಾರೆ ನೋಡಲು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ಮಿದುಳು ನಿಷ್ಕ್ರಿಯವಾದ ನಟ ಸಂಚಾರಿ ವಿಜಯ್ ಅವರ ಮನೆಯವರು ಅವರ ಮೂತ್ರಪಿಂಡ, ಯಕೃತ್ತು, ಹೃದಯದ ಕವಾಟ, ಕಣ್ಣುಗಳನ್ನು ದಾನ ಮಾಡಿದರು. ಅದೇ ವರ್ಷ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರು ಬೆಳಕು ಕಂಡ ಮೇಲೆ ಕನ್ನಡಿಗರು ನೇತ್ರದಾನಕ್ಕೆ ಸಾಲುಗಟ್ಟಿದರು. ನೇತ್ರದಾನದ ಆ ಉತ್ಸಾಹ ಮಿದುಳು ಸಾವಿನ ತಿಳಿವಳಿಕೆಯವರೆಗೆ ಬೆಳೆಯಲಿಲ್ಲ. ಪ್ರತಿ ಶನಿವಾರ ಸಾವಿರಾರು ಭಕ್ತರು ಸೇರುವ ಚಿಕ್ಕಮಧುರೆಯ ಶನಿಮಹಾತ್ಮನ ಗುಡಿಯಂಥ ಕಡೆ ಈ ಮಾತು ಆಡಬೇಕು. ದಾನಕ್ಕೆ ಸಹಿ ಹಾಕಿಸಿಕೊಳ್ಳುವುದಕ್ಕಿಂತ, ಅಂಥ ಹೊತ್ತು ಬಂದರೆ ಏನು ನಿರ್ಧರಿಸೋಣ ಎಂದು ಮನೆಮಂದಿ ಮೊದಲೇ ಮಾತಾಡಿಕೊಳ್ಳುವಂತೆ ಮಾಡುವುದು ಮುಖ್ಯ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ, ಅದಕ್ಕೆ ಉತ್ತರ ಕೊಡದೆ ದಾನದ ಮಾತಾಡುವ ಹಕ್ಕು ಯಾರಿಗೂ ಇಲ್ಲ. ದಾನ ಮಾಡುವವರು ಬೈಕಿನಲ್ಲಿ ಕೆಲಸಕ್ಕೆ ಹೋಗುವ ಬಡವರು, ಪಡೆಯುವವರು ಕಾರ್ಪೊರೇಟ್ ಆಸ್ಪತ್ರೆಯ ಬಿಲ್ ಕಟ್ಟಬಲ್ಲವರು. 2018ರಲ್ಲಿ ತಮಿಳುನಾಡಿನಲ್ಲಿ ಇಲ್ಲಿನವರನ್ನು ಬಿಟ್ಟು ವಿದೇಶಿ ರೋಗಿಗಳಿಗೆ ಹೃದಯ ಕೊಡಲಾಗುತ್ತಿದೆ ಎಂಬ ದೂರು ದೇಶವ್ಯಾಪಿ ವಿವಾದವಾಯಿತು. ಆಗ ಆಸ್ಪತ್ರೆಗಳ ಕಡೆಯವರು ಕೊಟ್ಟ ಸಮರ್ಥನೆ, ಇಲ್ಲಿ ತೆಗೆದುಕೊಳ್ಳುವ ಶಕ್ತಿಯುಳ್ಳ ಭಾರತೀಯ ಸಿಗದಿದ್ದರೆ ಅಂಗ ವ್ಯರ್ಥವಾಗುತ್ತದೆ ಎಂಬುದು. ಆ ಸಮರ್ಥನೆಯಲ್ಲೇ ಅನ್ಯಾಯದ ಮೂಲವಿದೆ. ಬಡ ರೋಗಿ ಪಟ್ಟಿಗೆ ಸೇರುವುದೇ ಇಲ್ಲ. ಸೇರಬೇಕಾದರೆ ಹೃದಯದೊಳಗಿನ ಒತ್ತಡ ಅಳೆಯುವ ಕ್ಯಾಥ್ ಪರೀಕ್ಷೆ, ಸಿಟಿ ಸ್ಕ್ಯಾನ್, ಹತ್ತಾರು ರಕ್ತ ಪರೀಕ್ಷೆ, ಕರೆ ಬಂದ ಕೂಡಲೇ ತಲುಪುವಂತೆ ಬೆಂಗಳೂರಿನಲ್ಲಿ ಬಾಡಿಗೆ ಮನೆ, ಜತೆಗೊಬ್ಬರು ಕೆಲಸ ಬಿಟ್ಟು ಇರಬೇಕು. ಕರ್ನಾಟಕ ಸರ್ಕಾರ ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಅಂಗಾಂಗ ಕಸಿಗೆ ನೆರವು ಕೊಡುವ ಯೋಜನೆ ತಂದದ್ದು ಮಹತ್ವದ ಹೆಜ್ಜೆ. ಆ ನೆರವು ಶಸ್ತ್ರಚಿಕಿತ್ಸೆಯ ದಿನದಿಂದಲ್ಲ, ಪಟ್ಟಿಗೆ ಸೇರುವ ಪರೀಕ್ಷೆಯ ದಿನದಿಂದ ಶುರುವಾಗಬೇಕು. ಹಂಚಿಕೆಯಾದ ಪ್ರತಿ ಅಂಗ ಯಾವ ಜಿಲ್ಲೆಯಿಂದ ಬಂತು, ಸರ್ಕಾರಿ ನೆರವಿನ ರೋಗಿಗೆ ಹೋಯಿತೇ, ಸ್ವಂತ ಹಣದ ರೋಗಿಗೆ ಹೋಯಿತೇ ಎಂಬುದನ್ನು ಹೆಸರು ಬಹಿರಂಗಪಡಿಸದೆ ಪ್ರಕಟಿಸುವುದು ಕಷ್ಟವೇನಲ್ಲ. ತಮ್ಮ ಊರಿನಂಥ ಊರಿನವರಿಗೂ ಹೃದಯ ಸಿಕ್ಕಿದೆ ಎಂದು ಮಧುರೆಯವರಿಗೆ ಗೊತ್ತಾದ ದಿನ ದಾನದ ಬಗ್ಗೆ ಭಾಷಣ ಮಾಡುವ ಅಗತ್ಯ ಬೀಳದು.

ಕೊನೆಯದಾಗಿ, ಮನೆಗೆ ಮರಳಿದ ಮೇಲಿನ ಬದುಕು. ಹೊಸ ಹೃದಯಕ್ಕೆ ನರಗಳ ನಂಟು ಇರುವುದಿಲ್ಲ. ಅದು ಸುಮ್ಮನೆ ಕುಳಿತಾಗಲೂ ತುಸು ವೇಗವಾಗಿ ಬಡಿಯುತ್ತದೆ, ಎದ್ದು ನಡೆದರೆ ತಡವಾಗಿ ಸ್ಪಂದಿಸುತ್ತದೆ, ಅದರ ರಕ್ತನಾಳ ಕಟ್ಟಿದರೂ ನೋವು ತಿಳಿಯದೇ ಹೋಗಬಹುದು. ಕಸಿ ಮಾಡಿದ ಶ್ವಾಸಕೋಶದಲ್ಲಿ ಕೆಮ್ಮಿನ ಸೂಚನೆ ಮಂದವಾಗಿರುತ್ತದೆ. ಹಾಗಾಗಿ ಕಫ ನಿಂತು ಸೋಂಕು ಬೇಗ ತಗಲುತ್ತದೆ. ದೇಹದ ಬೇರೆ ಅಂಗಗಳು ಒಳಗೆ ಮುಚ್ಚಿರುತ್ತವೆ, ಶ್ವಾಸಕೋಶವೊಂದು ಪ್ರತಿ ಉಸಿರಿಗೂ ಹೊರಜಗತ್ತಿಗೆ ತೆರೆದುಕೊಳ್ಳುತ್ತದೆ. ಜೋಡಿ ಕಸಿಯಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಹೃದಯವಲ್ಲ, ಶ್ವಾಸಕೋಶದ ಸಣ್ಣ ಗಾಳಿನಾಳಗಳು. ನಿಧಾನವಾಗಿ ಗಾಯಗೊಂಡು ಮುಚ್ಚಿಹೋಗುತ್ತವೆ. ತಿರಸ್ಕಾರ ತಡೆಯುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳನ್ನು ಜೀವಮಾನವಿಡೀ ಹೊತ್ತು ತಪ್ಪದೆ ನುಂಗಬೇಕು. ರಕ್ತದಲ್ಲಿ ಅದರ ಪ್ರಮಾಣ ಕಡಿಮೆಯಾದರೆ ಅಂಗ ಹೋಗುತ್ತದೆ, ಹೆಚ್ಚಾದರೆ ಮೂತ್ರಪಿಂಡ ಹೋಗುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದ ಈ ದೇಹಕ್ಕೆ ಕ್ಷಯ, ಶಿಲೀಂಧ್ರ, ಒಲೆಯ ಹೊಗೆ, ಕೊಟ್ಟಿಗೆಯ ದೂಳು, ಮಗ್ಗದ ಹತ್ತಿಯ ಎಳೆ ಎಲ್ಲವೂ ಅಪಾಯ. ದಿನಗೂಲಿ ಬಿಟ್ಟು ಪ್ರತಿ ತಿಂಗಳು ಬೆಂಗಳೂರಿನ ಆ ತುದಿಗೆ ಹೋಗಿ ರಕ್ತ ಕೊಟ್ಟು ಬಾ ಎಂದರೆ ಎರಡನೇ ವರ್ಷ ರೋಗಿ ಹೋಗುವುದನ್ನು ನಿಲ್ಲಿಸುತ್ತಾರೆ. ಮಾತ್ರೆ ಅರ್ಧಕ್ಕೆ ಇಳಿಯುತ್ತದೆ. ಮೂವತ್ತು ಲಕ್ಷ ಖರ್ಚು ಮಾಡಿ ಕೂರಿಸಿದ ಅಂಗ ಮಾತ್ರೆಯ ಹಣವಿಲ್ಲದೆ ಸಾಯುತ್ತದೆ, ಜತೆಗೆ ಮನುಷ್ಯನೂ.

ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರೇ ಇಲ್ಲ, ಅಲ್ಲಿ ಇದೆಲ್ಲ ಆಗುವ ಮಾತೇ ಎನ್ನುವವರಿಗೆ ನಮ್ಮ ರಾಜ್ಯದಲ್ಲೇ ಉತ್ತರವಿದೆ. ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 2023ರಲ್ಲಿ ಬಂದ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವೆಂದು ಬಂದವರ ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆಯುತ್ತಾರೆ. ದೂರದ ದೊಡ್ಡ ಆಸ್ಪತ್ರೆಯ ತಜ್ಞರು ಅದನ್ನು ಓದಿ ಹೇಳುತ್ತಾರೆ, ರಕ್ತದ ಗಡ್ಡೆ ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೃದ್ರೋಗ ತಜ್ಞರು ತಾಲ್ಲೂಕಿಗೆ ಬರಲಿಲ್ಲ, ಅವರ ತಿಳಿವಳಿಕೆ ಬಂತು. 2025ರಲ್ಲಿ ಹಾಸನದಲ್ಲಿ ಹೃದಯಾಘಾತದಿಂದ ಹಠಾತ್ ಸಾವುಗಳಾಗುತ್ತಿವೆ ಎಂಬ ಸುದ್ದಿಯಿಂದ ಗಾಬರಿಗೊಂಡು ಜನ ಜಯದೇವದ ಮುಂದೆ ನೂಕುನುಗ್ಗಲು ಮಾಡಿದಾಗಲೂ ಗೊತ್ತಾದದ್ದು ಇದೇ, ನೆಚ್ಚಿಕೊಳ್ಳುವಂಥ ಹೃದಯ ತಪಾಸಣೆ ಜನರಿಗೆ ಹತ್ತಿರದಲ್ಲೇ ಬೇಕಾಗಿದೆ. ಅದೇ ತಂತಿಯ ಮೇಲೆ ಕೂಸಿನ ಎಕೋ ಚಿತ್ರವನ್ನೂ ಕಳಿಸಬಹುದು. ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಕಸಿಯಾದವರ ರಕ್ತ ತೆಗೆದು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿ, ಸಂಜೆಯೊಳಗೆ ಮಾತ್ರೆಯ ಪ್ರಮಾಣ ಹೇಳುವ ಏರ್ಪಾಡಿಗೆ ಹೊಸ ಕಟ್ಟಡ ಬೇಕಿಲ್ಲ. ಮಾತ್ರೆಗಳು ಕ್ಷಯದ ಔಷಧಿಯ ಹಾಗೆ ಸರ್ಕಾರಿ ಔಷಧ ಕೇಂದ್ರದಲ್ಲೇ, ಸಮಯದ ಮಿತಿಯಿಲ್ಲದೆ, ಉಚಿತವಾಗಿ ಸಿಗಬೇಕು. ಇಡೀ ರಾಜ್ಯದಲ್ಲಿ ಹೃದಯ, ಶ್ವಾಸಕೋಶ ಕಸಿಯಾದ ಬಡವರ ಸಂಖ್ಯೆ ಎಷ್ಟಿದ್ದೀತು? ಒಂದು ಹೋಬಳಿಯ ಮತದಾರರ ಪಟ್ಟಿಯೂ ತುಂಬದು. ಬಜೆಟ್ಟಿಗೆ ಇದು ಹೊರೆಯಲ್ಲ. ಮುಂದಿನ ಆಯವ್ಯಯದಲ್ಲಿ ಕಸಿಯ ಮೊತ್ತ ಏರಿಸುವ ಘೋಷಣೆ ಬಂದಾಗ ಶಾಸಕರು ಕೇಳಬೇಕಾದ ಪ್ರಶ್ನೆ, ಅದರಲ್ಲಿ ಎರಡನೇ ವರ್ಷದ ಮಾತ್ರೆಗೆ ಎಷ್ಟಿದೆ, ಆರನೇ ವಾರದ ಕೂಸಿನ ತಪಾಸಣೆಗೆ ಎಷ್ಟಿದೆ ಎಂಬುದು.